ಕಾಗದದಲ್ಲಿ ಇಲ್ಲದ ಸಾಲು

ಮೊನ್ನೆ ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಲಾರಿ ರಿಪೇರಿಯವನೊಬ್ಬ ಎಣ್ಣೆ ಒರೆಸಿದ ಚಿಂದಿಗಳನ್ನು ಗುಡ್ಡೆ ಹಾಕಿ ಸುಡುತ್ತಿದ್ದ. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಚಿನ್ನದ ಗಣಿಯ ಬೆಂಕಿ ಮೇಸ್ತ್ರಿ ನೆನಪಾದರು...

ಎರಡನೇ ಮಹಾಯುದ್ಧದ ವರ್ಷಗಳು ಅವು. ನಾನು ಗಣಿ ಆಫೀಸಿನಲ್ಲಿ ರೈಟರ್. ಅವರು ಬೂದಿಕೋಟೆ ಕಡೆಯವರು, ನನಗಿಂತ ಬಹಳ ಹಿರಿಯರು. ವಾರಕ್ಕೊಮ್ಮೆ ಸುರಂಗಗಳಿಗೆ ಇಳಿದು, ಎಲ್ಲಿ ಬೆಂಕಿ ಹತ್ತಬಹುದು, ಹತ್ತಿದರೆ ಜನ ಹೇಗೆ ಆಚೆ ಬರಬೇಕು ಎಂದು ನೋಡಿ ಬರುವುದು ಅವರ ಕೆಲಸ. ಓದು ಬರಹ ಬಾರದು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಬೇಕು. ಆಮೇಲೆ ಅವರು ಹೆಬ್ಬೆಟ್ಟು ಒತ್ತುವರು.

ಒಂದು ಸಲ ನಾನೂ ಜೊತೆಗೆ ಇಳಿದಿದ್ದೆ. ಆಸರೆಗೆ ನಿಲ್ಲಿಸಿದ ಮರಗಳನ್ನು ಅಂಗೈಯಿಂದ ಸವರಿ ಎಷ್ಟು ಒಣಗಿವೆ ಎಂದು ನೋಡುತ್ತಿದ್ದರು. ಮರಕ್ಕೆ ಅಂಟಿಸಿದ್ದ ಮೇಣದಬತ್ತಿಯ ತುಂಡುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸದಲ್ಲಿದ್ದ ಒಬ್ಬನನ್ನು ನಿಲ್ಲಿಸಿ, ಅವನ ದೀಪ ಆರಿಸಿ, "ಈಗ ಒಗೆ ತುಂಬ್ಕಂತು ಅನ್ಕೊ. ಎತ್ಲಾಗೆ ಓಗ್ತೀಯ, ತೋರ್ಸು" ಅಂದರು. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಇದೇ ಪ್ರಶ್ನೆ.

ಗೋಡೆ ತಡವುತ್ತಾ ಹೋದವನು ಎರಡನೇ ದಾರಿಯ ಬಾಯಲ್ಲಿ ಮುಗ್ಗರಿಸಿದ. ಆಳುಗಳನ್ನು ಇಳಿಸಿ ಹತ್ತಿಸುವ ಕೇಜ್ ನಿಂತರೆ ಏಣಿ ಹತ್ತಿ ಮೇಲೆ ಬರಲು ಇದ್ದದ್ದು ಅದೊಂದೇ ದಾರಿ. ಅಲ್ಲಿ ದಿಮ್ಮಿಗಳನ್ನೂ ಎಣ್ಣೆ ಒರೆಸಿದ ಚಿಂದಿಯ ಮೂಟೆಗಳನ್ನೂ ಪೇರಿಸಿಟ್ಟಿದ್ದರು. ಮೇಸ್ತ್ರಿ ಅದನ್ನು ಮೂರು ವಾರ ಬರೆಸಿದರು. ಮೂರನೇ ವಾರ ನಮ್ಮ ಮೇಲಧಿಕಾರಿ ನನ್ನನ್ನು ಕರೆದು, ಒಂದೇ ಮಾತನ್ನು ಎಷ್ಟು ಸಲ ಬರೆಯುತ್ತೀ, ಬೇರೆ ಕೆಲಸ ಹುಡುಕಿಕೊಳ್ಳಬೇಕೆಂದಿದೆಯಾ ಎಂದು ಕೇಳಿದ.

ನಾಲ್ಕನೇ ವಾರ ನಾನು ಆ ಸಾಲು ಬರೆಯಲಿಲ್ಲ. ಆದರೆ ಓದಿ ಹೇಳುವಾಗ, ಕಾಗದದಲ್ಲಿ ಇದೆ ಎಂಬಂತೆ ಅದನ್ನೂ ಓದಿದೆ... ಅವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದರು.

"ಈ ಸಾರಿನಾದ್ರೂ ತೆಗೀತಾರೆ ಬಿಡಿ ರೈಟ್ರೇ" ಅಂದರು.

ಅದಾದ ಕೆಲವೇ ದಿನಗಳಲ್ಲಿ, ಬೆಳಗಿನ ಪಾಳಿಯಲ್ಲಿ, ಸುರಂಗದೊಳಗೆ ನೀರೆತ್ತುವ ಪಂಪಿನ ಕೋಣೆಗೆ ಬೆಂಕಿ ಬಿತ್ತು. ಕೇಜಿನ ಕಡೆಯೆಲ್ಲ ಹೊಗೆ. ಮೇಸ್ತ್ರಿ ಕೆಳಗೇ ಇದ್ದರು. ಮೂಟೆಗಳನ್ನು ಎಳೆದು ಬಿಸಾಕಿ, ಒಬ್ಬರು ತೂರುವಷ್ಟು ಜಾಗ ಮಾಡಿ, ಸಿಕ್ಕವರನ್ನೆಲ್ಲ ಏಣಿ ಹತ್ತಿಸಿದರಂತೆ. ಹಿಂದುಳಿದ ಇಬ್ಬರನ್ನು ಕರೆತರಲು ತಿರುಗಿ ಹೋದರಂತೆ... ಮಾರನೆಯ ದಿನ ಮೂವರ ಹೆಣಗಳನ್ನೂ ಮೇಲೆ ತಂದರು.

ವಿಚಾರಣೆಯಲ್ಲಿ ಕೊನೆಯ ಕಾಗದ ತೆಗೆದರು. ಹಿಂದಿನ ಮೂರರಲ್ಲೂ ಇದ್ದ ಎರಡನೇ ದಾರಿಯ ಮಾತು ಅದರಲ್ಲಿರಲಿಲ್ಲ, ಕೆಳಗೆ ಅವರ ಹೆಬ್ಬೆಟ್ಟಿತ್ತು. ದಾರಿ ತೆರವಾಗಿದೆಯೆಂದು ಮೇಸ್ತ್ರಿಯೇ ಒಪ್ಪಿದ್ದಾನೆ, ತಪ್ಪು ಅವನದೇ ಎಂದು ತೀರ್ಮಾನವಾಯಿತು. ನಾನು ಅಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ.

ಅವರ ಹೆಂಡತಿ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತರು.

"ನಮ್ಮೋರು ಸರಿಯಾಗಿ ನೋಡ್ನಿಲ್ಲ ಅಂತಾವ್ರೆ. ಬರ್ಕಂಡೋರು ನೀವು. ಅವ್ರು ಯೋಳಿದ್ರಾ, ಇಲ್ವಾ?"

"ಹೇಳಿದ್ದರಮ್ಮ."

"ಅಂಗಾದ್ರೆ ಅದ್ನೇ ಬರ್ದು ಕೊಡಿ."

ಕೊಡುತ್ತೇನೆ ಅಂದೆ. ಕೊಡಲಿಲ್ಲ. ಮತ್ತೆರಡು ಸಲ ಬಂದರು. ಎರಡು ಸಲವೂ ಹಿಂದಿನ ಕೋಣೆಯಲ್ಲಿ ಅಡಗಿ ಕೂತೆ. ಆಮೇಲೆ ಅವರು ಊರು ಸೇರಿದರೆಂದು ಕೇಳಿದೆ.

ನಿವೃತ್ತಿಯಾದ ಮೇಲೆ ಅವರ ಊರಿಗೆ ಹೋದೆ. ಆಕೆ ತೀರಿಕೊಂಡು ವರ್ಷಗಳಾಗಿದ್ದವು. ಮೊಮ್ಮಗಳು ಕೂರಿಸಿ ಮಜ್ಜಿಗೆ ಕೊಟ್ಟಳು. ತಾತನ ಜೊತೆ ಕೆಲಸದಲ್ಲಿದ್ದವನು ಎಂದೆ. ತಾತನ ಅಜಾಗ್ರತೆಯಿಂದಲೇ ಜನ ಸತ್ತರಂತೆ, ನಿಜವೇ ಎಂದು ಕೇಳಿದಳು. ಅಲ್ಲ ಎಂದೆ. ಮತ್ತೆ ಯಾರಿಂದ ಎಂದು ಕೇಳುವ ಮೊದಲೇ ಎದ್ದು ಬಂದೆ.

ಇವತ್ತು ಕೂತು ಆ ಮೊಮ್ಮಗಳಿಗೆ ಬರೆದಿದ್ದೇನೆ. ನಿಮ್ಮ ತಾತ ನೋಡಿದ್ದರಮ್ಮ, ನಾಲ್ಕು ಸಲ ಹೇಳಿದ್ದರು. ನಾಲ್ಕನೆಯದನ್ನು ನಾನು ಬರೆಯಲಿಲ್ಲ. ನಾಳೆ ಅಂಚೆಗೆ ಹಾಕುತ್ತೇನೆ. ಇದನ್ನು ಕೇಳಬೇಕಾಗಿದ್ದ ಮೇಸ್ತ್ರಿಗೆ, ಅವರ ಹೆಂಡತಿಗೆ ಇನ್ನು ಯಾರು ಓದಿ ಹೇಳುತ್ತಾರೆ...