ಭಟ್ಟರ ಕೈಯ ಗಜಕರ್ಣ

ಕಳೆದ ವಾರ ಖಾರಘರದಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಕಲ್ಯಾಣದ ಸ್ಲೋ ಲೋಕಲ್ ಹತ್ತಿದ್ದೆ. ಡೊಂಬಿವಲಿಯಲ್ಲಿ ಹಳೆ ಪರಿಚಯದವರ ಮನೆಯ ಮದುವೆ. ಕಳವಾ ದಾಟುತ್ತಿದ್ದಂತೆ ಮುಲಾಮು ಮಾರುವವನೊಬ್ಬ ಬಂದ. “ದಾದ್, ಖಾಜ್, ಖುಜಲೀ” ಎಂಬ ಮೂರು ಪದಗಳನ್ನು ವೇದಘೋಷದ ಗಾಂಭೀರ್ಯದಲ್ಲಿ ಉಚ್ಚರಿಸಿ, ಡಬ್ಬಿಯ ಮುಚ್ಚಳ ತೆಗೆದು, ಎಲ್ಲರ ಮೂಗಿನೆದುರೂ ಆರತಿಯ ಹಾಗೆ ಹಿಡಿಯುತ್ತಾ ಹೋದ. ಗಂಧಕ, ಕರ್ಪೂರ, ಜೊತೆಗೆ ಆಸ್ಪತ್ರೆಯ ನೆಲ ಒರೆಸುವ ಮದ್ದಿನ ವಾಸನೆ. ಅಕ್ಕಪಕ್ಕದವರು ಮುಖ ತಿರುಗಿಸಿದರು. ಸಭ್ಯರಿಗೆ ತುರಿಕೆ ಇರುವುದಿಲ್ಲ ಎಂಬುದು ಸೆಂಟ್ರಲ್ ಲೈನಿನ ಸಂಪ್ರದಾಯ. ನಾನೂ ಸಭ್ಯನೇ ಆದ್ದರಿಂದ ಕಿಟಕಿಯಾಚೆ ನೋಡಿದೆ. ಅಲ್ಲಿ ನನಗೆ ಕಂಡದ್ದು ಖಾಡಿಯ ಹಿನ್ನೀರಲ್ಲ, ನಮ್ಮ ದೋಸೆ ಭಟ್ಟರ ಬಲಗೈ...

ಹನ್ನೆರಡು ವರ್ಷದ ಹಿಂದಿನ ಮಾತು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಉಡುಪಿ ಹೋಟೆಲ್ ಇತ್ತು. ಹೆಂಡತಿ ಮಕ್ಕಳು ಊರಿನಲ್ಲಿದ್ದರು. ಹೋಟೆಲಿನ ಮೇಲಿನ ರೂಮಿನಲ್ಲಿ ನಾನು, ಭಟ್ಟರು, ಮತ್ತೆ ಮೂವರು ಕೆಲಸದವರು ಇರುತ್ತಿದ್ದೆವು. ಒಂದು ಬಚ್ಚಲು, ಬಟ್ಟೆ ನೆನೆಸಲು ಒಂದು ಬಕೆಟ್, ಒಣಗಿಸಲು ಒಂದು ಹಗ್ಗ. ಆ ಹಗ್ಗದ ಮೇಲೆ ಮಾಲೀಕ, ನೌಕರ ಎಂಬ ಭೇದವಿರಲಿಲ್ಲ.

ಭಟ್ಟರು ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ನನ್ನನ್ನು “ಧನಿಗಳೇ” ಎಂದು ಕರೆಯುತ್ತಿದ್ದರು, ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ತಿಳಿಯದ ಹಾಗೆ. ಕಾವಲಿಯ ಮೇಲೆ ಅವರು ಹಿಟ್ಟು ಹರಡುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ನಾನು ಆ ಕಾವಲಿಯನ್ನು ಒಳಗಿನಿಂದ ತಂದು ಬಾಗಿಲ ಪಕ್ಕದಲ್ಲಿರಿಸಿ, ಎದುರಿಗೆ ಗಾಜು ಹಾಕಿಸಿದೆ. ಶುದ್ಧ ಹೋಟೆಲು, ಶುದ್ಧ ಕೈ, ನೋಡಿಕೊಳ್ಳಿ ಎಂಬ ಭಾವ. ಭಟ್ಟರ ಶುದ್ಧಿಯಂತೂ ಪ್ರಸಿದ್ಧವಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಹಿಂಡಿದ ಪಂಚೆಯನ್ನು ಒದ್ದೆಯಾಗಿಯೇ ಉಟ್ಟುಕೊಂಡು ಜಪಕ್ಕೆ ಕೂರುತ್ತಿದ್ದರು. ಒಣಗಿದ ಬಟ್ಟೆಯನ್ನು ಯಾರು ಮುಟ್ಟಿದ್ದಾರೋ ಗೊತ್ತಿಲ್ಲ, ಒದ್ದೆಯಾದರೆ ಮಡಿಗೆ ಮೋಸವಿಲ್ಲ ಎಂದು ಅವರ ವಾದ.

ಆ ಮಳೆಗಾಲದ ಮೊದಲಲ್ಲಿ ನನ್ನ ತೊಡೆಯ ಸಂದಿಯಲ್ಲಿ ಒಂದು ಕೆಂಪು ಉಂಗುರ ಎದ್ದಿತು. ಅಂಚು ಉಬ್ಬಿ, ನಡುವೆ ತಿಳಿಯಾಗಿ, ದಿನಕ್ಕೊಂದಿಷ್ಟು ವಿಸ್ತಾರಗೊಳ್ಳುತ್ತಾ ಹೋಯಿತು. ಊರಲ್ಲಿ ಹುಳುಕಡ್ಡಿ ಎನ್ನುತ್ತಾರೆ, ಇಲ್ಲಿನವರು ಗಜಕರ್ಣ ಎನ್ನುತ್ತಾರೆ. ಜಾಗ ಸಭೆಯಲ್ಲಿ ಹೇಳುವಂಥದ್ದಲ್ಲವಾದ್ದರಿಂದ ನಾನು ಡಾಕ್ಟರ ಬಳಿ ಹೋಗದೆ, ಮೆಡಿಕಲಿನವನ ಕಿವಿಯಲ್ಲಿ ಹೇಳಿ ಒಂದು ಟ್ಯೂಬ್ ತಂದೆ. ಎಲ್ಲ ಬಗೆಯ ಔಷಧಿಯೂ ಒಂದೇ ಟ್ಯೂಬಿನಲ್ಲಿದೆ ಎಂದು ಅವನು ಹೊಗಳಿದ್ದ. ಮೂರು ದಿನಕ್ಕೆ ತುರಿಕೆ ಮಾಯ, ಹತ್ತನೆಯ ದಿನಕ್ಕೆ ಮೊದಲಿಗಿಂತ ದೊಡ್ಡ ಉಂಗುರ. ಮತ್ತೆ ಟ್ಯೂಬ್.

ಮಳೆಗೆ ನನ್ನ ಬೈರಾಸು ಒಣಗುತ್ತಿರಲಿಲ್ಲ. ನಮ್ಮ ಕಡೆಯ ಗಂಡಸಿಗೆ ಬೈರಾಸು ಎಂದರೆ ಬರೀ ಟವೆಲಲ್ಲ. ಮೈ ಒರೆಸಲು, ಸೊಂಟಕ್ಕೆ ಸುತ್ತಲು, ತಲೆಗೆ ಕಟ್ಟಲು, ಹಾಸಿ ಮಲಗಲು ಎಲ್ಲದಕ್ಕೂ ಅದೊಂದೇ. ಭಟ್ಟರು ಕೆಳಗೆ ಕಾವಲಿಯೆದುರು ಇರುವಾಗ ಹಗ್ಗದ ಮೇಲಿನ ಅವರ ಬೈರಾಸಿನಲ್ಲಿ ಮೈ ಒರೆಸಿಕೊಂಡು, ಅದಿದ್ದ ಹಾಗೆಯೇ ಹಾಕುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ...

ಆಷಾಢ ಕಳೆಯುವ ಹೊತ್ತಿಗೆ ಭಟ್ಟರ ಬಲ ಮುಂಗೈಯ ಮೇಲೆ ಉಂಗುರ ಬಂತು. ಅದನ್ನು ಮೊದಲು ಕಂಡದ್ದು ನಾನಲ್ಲ, ಗಾಜು. ದಿನವೂ ಬರುವ ಮರಾಠಿ ಹೆಂಗಸೊಬ್ಬರು ಗಲ್ಲೆಯ ಬಳಿ ಬಂದು, “ಅಣ್ಣಾ, ತುಮ್ಚ್ಯಾ ದೋಸೇವಾಲ್ಯಾಲಾ ಗಜಕರ್ಣ ಝಾಲಂಯ್” ಎಂದು ಮೆಲ್ಲಗೆ ಹೇಳಿ, ದೋಸೆ ಬೇಡವೆಂದು ಬರೀ ಚಹಾ ಕುಡಿದು ಹೋದರು. ನಾನದನ್ನು ಭಟ್ಟರಿಗೆ ಮುಟ್ಟಿಸಿದೆ. ಭಟ್ಟರು ಕೈಯನ್ನು ತಿರುಗಿಸಿ ನೋಡಿಕೊಂಡರು.

“ಗಜಕರ್ಣ ಅಂದ್ರೆ ನಮ್ಮ ಗಣಪತಿಯೇ ಅಲ್ವಾ ಧನಿಗಳೇ? ಚೌತಿಗೆ ಇನ್ನೂ ಸಮಯ ಉಂಟು. ಈಗಲೇ ಬಂದು ಕೂತಿದ್ದಾನೆ, ವಿಸರ್ಜನೆ ಮಾಡುದು ಹೇಗೆ?”

ನಾನು ನಕ್ಕು, ಮಹಾವೈದ್ಯನ ಠೀವಿಯಲ್ಲಿ ನನ್ನ ಟ್ಯೂಬನ್ನೇ ಅವರಿಗೆ ಕೊಟ್ಟೆ. ಅದು ಅರ್ಧ ಖಾಲಿಯಾಗಿತ್ತು. ಭಟ್ಟರು ಅದರ ಹಿಂಡಿದ ಹೊಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಸೊಂಟಕ್ಕೆ ಸಿಕ್ಕಿಸಿಕೊಂಡರು.

ಟ್ಯೂಬು ಅವರಿಗೂ ಅದೇ ಆಟ ಆಡಿಸಿತು. ಒಂದಿದ್ದದ್ದು ಮೂರಾಯಿತು. ಮುಚ್ಚಲೆಂದು ಆ ಕಾವಲಿಯ ಸೆಖೆಯಲ್ಲಿ ಪೂರ್ತಿ ತೋಳಿನ ಅಂಗಿ ಹಾಕಿದರು. ಬೆವರಿಗೆ ಅದು ಮತ್ತೂ ಹೆಚ್ಚಿತು. ಗಿರಾಕಿಗಳು ಗಾಜಿನ ಹತ್ತಿರ ನಿಲ್ಲುವುದನ್ನು ಬಿಟ್ಟ ಮೇಲೆ ನಾನೇ ಅವರನ್ನು ಠಾಣೆಯ ಒಬ್ಬ ಚರ್ಮದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಕೈ ವಾಸಿಯಾಗದಿದ್ದರೆ ಕಾವಲಿ ತಪ್ಪುತ್ತದೆ ಎಂಬುದು ಭಟ್ಟರಿಗೆ ಗೊತ್ತಿತ್ತು.

ಡಾಕ್ಟರಮ್ಮ ಬ್ಲೇಡಿನ ಮೊಂಡು ಬದಿಯಿಂದ ಉಂಗುರದ ಅಂಚನ್ನು ಹೆರೆದರು. ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಶಿನ ಒಂದು ಹನಿ ಬಿಟ್ಟು, ಚರ್ಮ ಕರಗಲೆಂದು ಸ್ವಲ್ಪ ಹೊತ್ತು ಇಟ್ಟು, ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ಏನೂ ಕಾಣಲಿಲ್ಲ. ಏನು ಹಚ್ಚಿದ್ದೀರಿ ಎಂದು ಕೇಳಿದರು. ಟ್ಯೂಬಿನ ಹೆಸರು ಕೇಳಿದ ಕೂಡಲೇ ಹಣೆ ಒತ್ತಿಕೊಂಡರು. ಅದರಲ್ಲಿ ಶಿಲೀಂಧ್ರಕ್ಕೆ ಒಂದಿಷ್ಟು ಮದ್ದಿದೆ, ಜೊತೆಗೆ ಸ್ಟೀರಾಯ್ಡ್ ಇದೆ. ಮದ್ದು ಶಿಲೀಂಧ್ರವನ್ನು ಪರೀಕ್ಷೆಗೆ ಸಿಗದ ಹಾಗೆ ಮಾಡುತ್ತದೆ, ಸ್ಟೀರಾಯ್ಡ್ ತುರಿಕೆಯನ್ನು ಮಲಗಿಸಿ ರೋಗವನ್ನು ಬೆಳೆಸುತ್ತದೆ. ಎರಡು ವಾರ ಏನೂ ಹಚ್ಚದೆ ಬನ್ನಿ ಎಂದರು. ಕಳ್ಳನಿಗೆ ವೇಷ ಹಾಕಿಸಿ, ಅನ್ನವನ್ನೂ ಹಾಕಿದ್ದು ನಾನು ಎಂದು ಆಗ ತಿಳಿಯಿತು.

ಎರಡನೆಯ ಸಲ ಕಂಡಿತು. ಡಾಕ್ಟರಮ್ಮ ಭಟ್ಟರಿಗೂ ನೋಡಲು ಬಿಟ್ಟರು. ಕವಲೊಡೆದ ಸಪೂರ ನೂಲುಗಳು.

“ಒತ್ತು ಶ್ಯಾವಿಗೆ ಹಾಗೆ ಉಂಟಲ್ಲ ಧನಿಗಳೇ,” ಎಂದರು ಭಟ್ಟರು.

ಡಾಕ್ಟರಮ್ಮ ಚೀಟಿ ಬರೆಯುತ್ತಾ, ಇದು ಒಬ್ಬರ ಬಟ್ಟೆಯಿಂದ ಇನ್ನೊಬ್ಬರಿಗೆ ಹೋಗುತ್ತದೆ, ಎಲ್ಲರಿಗೂ ಒಟ್ಟಿಗೆ ಮದ್ದಾಗದಿದ್ದರೆ ತಿರುಗಿ ಬರುತ್ತದೆ ಎಂದು ವಿವರಿಸಿದರು. ಆಮೇಲೆ ತಲೆಯೆತ್ತಿ, ರೂಮಿನಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು: “ರೂಮ್ ಮೇ ಔರ್ ಕಿಸೀ ಕೋ ಹೈ ಕ್ಯಾ?”

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆ ಗಳಿಗೆಯಲ್ಲೂ ತುರಿಸುತ್ತಿತ್ತು. ಗೋಡೆಯ ಮೇಲೆ ಕೂದಲಿನ ಬೇರಿನ ದೊಡ್ಡ ಚಿತ್ರವೊಂದಿತ್ತು; ಅದನ್ನು ಅತ್ಯಂತ ಶ್ರದ್ಧೆಯಿಂದ ಅಧ್ಯಯನ ಮಾಡಿದೆ. ಭಟ್ಟರು ಸ್ವಲ್ಪ ಹೊತ್ತು ಕಾದರು. ನನಗಾಗಿಯೇ ಕಾದರು.

“ನಹೀ ಡಾಕ್ಟರ್ ಸಾಬ್. ಮುಝೇ ಅಕೇಲೇ ಕೋ.” ತನಗೊಬ್ಬರಿಗೇ ಎಂದರು.

ಒದ್ದೆ ಬಟ್ಟೆ ಉಡುವ ಅಭ್ಯಾಸವಿದೆಯೇ ಎಂದು ಅವರು ಕೇಳಿದಾಗ ಮಾತ್ರ ನನಗೆ ನಾಲಗೆ ಬಂತು. ಮಡಿಯ ವಿಷಯವನ್ನು ಸವಿಸ್ತಾರವಾಗಿ ನಿವೇದಿಸಿದೆ. ಆ ದಿನದಿಂದ ರೂಮಿನಲ್ಲಿ, ಗಲ್ಲೆಯಲ್ಲಿ, ಬೇರೆ ಹೋಟೆಲಿನವರ ಎದುರು ನನ್ನದು ಒಂದೇ ರಾಗ: “ಎಂತ ಮಾಡುದು ಮಾರಾಯ್ರೆ, ಭಟ್ರ ಒದ್ದೆ ಪಂಚೆಯಿಂದ ಬಂದದ್ದು.” ಒದ್ದೆ ಪಂಚೆ ಒಳ್ಳೆಯದಲ್ಲ, ಸರಿ. ಆದರೆ ಅವರ ಸೊಂಟದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ, ಇದ್ದದ್ದು ಕೈಯಲ್ಲಿ. ಅಷ್ಟು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನನಗೆ ಇಷ್ಟವೂ ಇರಲಿಲ್ಲ. ಭಟ್ಟರು ಒಣ ಪಂಚೆ ಉಟ್ಟು ಜಪಕ್ಕೆ ಕೂರತೊಡಗಿದರು. ಐವತ್ತೈದು ದಾಟಿದ ಮನುಷ್ಯ, ಉಪನಯನದಿಂದ ನಡೆಸಿಕೊಂಡು ಬಂದದ್ದನ್ನು ಬಿಟ್ಟರು.

ಆರು ವಾರ ಮಾತ್ರೆ ನುಂಗಿದರು. ಕೈ ಸ್ವಚ್ಛವಾಯಿತು. ಬಕೆಟ್ಟು ಅದೇ, ಹಗ್ಗವೂ ಅದೇ, ನನ್ನ ಗುಟ್ಟಿನ ಟ್ಯೂಬೂ ಅದೇ. ಮಾತ್ರೆ ಮುಗಿದು ತಿಂಗಳಾಗುವುದರೊಳಗೆ ಉಂಗುರ ಮರಳಿತು. ಈ ಸಲ ಕೆಲಸದವರು ಅವರ ಪಕ್ಕದಲ್ಲಿ ಊಟಕ್ಕೆ ಕೂರಲು ಒಪ್ಪಲಿಲ್ಲ. ನಾನು ನ್ಯಾಯಾಧೀಶನ ಗತ್ತಿನಲ್ಲಿ, ಊರಿಗೆ ಹೋಗಿ ವಾಸಿ ಮಾಡಿಕೊಂಡು ಬನ್ನಿ ಎಂದು ತೀರ್ಪು ಕೊಟ್ಟೆ.

ಹೊರಡುವ ದಿನ ಚೀಲ ಹೆಗಲಿಗೇರಿಸಿ ಮೆಟ್ಟಿಲ ಮೇಲೆ ನಿಂತರು. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು:

“ನಿಮ್ಮದನ್ನೂ ಒಮ್ಮೆ ಆ ಡಾಕ್ಟ್ರಮ್ಮನಿಗೆ ತೋರಿಸಿ ಧನಿಗಳೇ. ಹಾಗೇ ಬಿಟ್ರೆ ಅದು ಹೋಗುದಿಲ್ಲ.”

ಎರಡು ತಿಂಗಳ ಬಳಿಕ ಅವರ ಫೋನು ಬಂತು. “ಕೈ ಕನ್ನಡಿ ಹಾಗೆ ಉಂಟು. ಬರುದಾ?” ಅಲ್ಲಿ ವಾಸಿಯಾಯಿತು ಎಂದರೆ ರೋಗ ಇಲ್ಲಿತ್ತು ಎಂದರ್ಥ. ಅದಕ್ಕೆ ಸೂಕ್ಷ್ಮದರ್ಶಕ ಬೇಕಿರಲಿಲ್ಲ. ಅವರು ಬಂದರೆ ದಿನವೂ ಅವರ ಮುಖ ನೋಡಬೇಕು. ಕಾವಲಿಗೆ ಬೇರೆಯವರು ಬಂದಾಗಿದೆ, ಸ್ವಲ್ಪ ತಡೆಯಿರಿ, ನಾನೇ ಹೇಳಿ ಕಳಿಸುತ್ತೇನೆ ಎಂದೆ. ಹೇಳಿ ಕಳಿಸಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಮರುವರ್ಷ ತುರಿಕೆ ತಡೆಯಲಾರದೆ ನಾನೊಬ್ಬನೇ ಠಾಣೆಗೆ ಹೋದೆ. ಹೆರೆದರು, ಹನಿ ಬಿಟ್ಟರು, ಇಣುಕಿದರು. ಗಾಜಿನ ಪಟ್ಟಿಯ ಅಂಚಿಗೆ ಕಪ್ಪು ಶಾಯಿಯಲ್ಲಿ ನನ್ನ ಹೆಸರು ಬರೆದಿದ್ದರು. ಜೊತೆಯಲ್ಲಿರುವ ಯಾರಿಗಾದರೂ ಇತ್ತೇ ಎಂದು ಮತ್ತೆ ಅದೇ ಪ್ರಶ್ನೆ. ಒಬ್ಬರಿಗಿತ್ತು, ಅವರು ಬಿಟ್ಟು ಹೋದರು ಎಂದೆ. ಯಾರಿಗೆ ಮೊದಲು ಬಂದದ್ದು ಎಂದು ಕೇಳಿದರು. ನೆನಪಿಲ್ಲ ಎಂದೆ...

ಮದುವೆಯ ಮನೆಯಲ್ಲಿ ಊಟಕ್ಕೆ ನನ್ನ ಪಕ್ಕ ಕೂತವರು ಕಲ್ಯಾಣದಲ್ಲಿ ಹೋಟೆಲ್ ನಡೆಸಿದವರು, ಹಳೆಯ ಸ್ನೇಹಿತರು. ಹೋಳಿಗೆ ಮುರಿಯುತ್ತಾ ಹೇಳಿದರು: “ನಿಮ್ಮಲ್ಲಿ ಆ ಗಜಕರ್ಣ ಭಟ್ರು ಇದ್ರಲ್ಲ, ಹೋದ ವರ್ಷ ತೀರಿಕೊಂಡ್ರಂತೆ. ಪಾಪ, ಊರಲ್ಲೂ ಅಡಿಗೆಗೆ ಯಾರೂ ಕರೀತಿರ್ಲಿಲ್ಲ. ಇಲ್ಲಿಯ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತಲ್ಲ.”

ಕಾವಲಿಯ ಮೇಲೆ ಹಿಟ್ಟು ಅಷ್ಟು ತೆಳ್ಳಗೆ ಹರಡುತ್ತಿದ್ದ ಆ ಕೈಗೆ ಉಳಿದ ಹೆಸರು ಅದು. ಹೇಗೋ ಹೇಳಿಯೇಬಿಟ್ಟೆ.

“ಅದು ಅವರದ್ದಲ್ಲ. ಮೊದಲು ಇದ್ದದ್ದು ನನಗೆ. ನನ್ನಿಂದ ಅವರಿಗೆ ಹೋದದ್ದು.”

ಅವರು ಹೋಳಿಗೆಯ ಚೂರನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ಇಡೀ ಪಂಕ್ತಿಗೆ ಕೇಳುವಂತೆ ನಕ್ಕರು. “ಸತ್ತವರ ಸುದ್ದಿಯಲ್ಲೂ ನಿಮ್ಮದೊಂದು ತಮಾಷೆ ಮಾರಾಯ್ರೆ. ನೀವು ಬದಲಾಗುದಿಲ್ಲ.”

ಎದುರು ಸಾಲಿನವರೂ ನಕ್ಕರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲ, ತಮಾಷೆಯಲ್ಲ ಎಂದು ಇನ್ನೊಂದು ಸಲ ಹೇಳಿದ್ದರೆ ಸಾಕಿತ್ತು. ಬಡಿಸುವವರು ತುಪ್ಪದ ಗಿಂಡಿ ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತಿದ್ದರು. ನಾನೂ ನಕ್ಕು, ಹೋಳಿಗೆಯನ್ನು ಸ್ವಲ್ಪ ಮುಂದೆ ಸರಿಸಿದೆ.