ಗಂಟಲಕ್ಕನ ಕರೆಗಂಟೆ

ಸೂರ್ಯ ಇನ್ನೂ ಎದುರು ಕಟ್ಟಡದ ನೀರಿನ ತೊಟ್ಟಿಯನ್ನು ದಾಟಿಲ್ಲ. ಮಾನಸಿಕ ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬರು ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ಸೋಕಿದರೆ ನರ ಹೆದರಿ ಒಳಗೆ ಓಡುತ್ತದೆ ಎಂಬುದು ಅವರ ನಂಬಿಕೆ. ಮೇಜಿನ ಮೇಲೆ ರಬ್ಬರ್ ಪಟ್ಟಿ, ಹತ್ತಿ, ಸಿರಿಂಜು. ಬಾಗಿಲಾಚೆ, ಒಬ್ಬರನ್ನೊಬ್ಬರು ನೋಡದೆ ಕುಳಿತವರ ಸಾಲು.

"ಗಂಟಲು ಹೇಗಿದೆ?" ಎಂದು ಅವರು ಮೊದಲನೆಯವನನ್ನು ಕೇಳುತ್ತಾರೆ. ಹೊಸಬನಾದ ಆತ ಬಾಯಿ ಅಗಲಿಸಿ ತೋರಿಸುತ್ತಾನೆ.

"ಮುಚ್ಚಪ್ಪಾ, ನೊಣ ಹೋದೀತು. ರಕ್ತ ತೆಗೆಯೋದು ತೋಳಿಂದಲೇ. ನೋವಿದೆಯಾ, ಜ್ವರ ಇದೆಯಾ, ಅಷ್ಟು ಹೇಳು ಸಾಕು."

ಇಲ್ಲಿ ಕ್ಷೇಮ ವಿಚಾರಿಸುವ ರೀತಿಯೇ ಇದು. ಹಾಗಾಗಿ ಇವರ ನಿಜವಾದ ಹೆಸರು ಯಾರ ನಾಲಗೆಯ ಮೇಲೂ ಇಲ್ಲ; ಎಲ್ಲರ ಪಾಲಿಗೂ ಇವರು ಗಂಟಲಕ್ಕ.

ಇಲ್ಲದ ದನಿಗಳು ಕೇಳಿಸುವ ಕಾಯಿಲೆಗೆ ಔಷಧಗಳು ಹಲವಿವೆ. ಒಂದೆರಡು ನಾಟದೆ ಹೋದಾಗ ವೈದ್ಯರು ಬರೆದುಕೊಡುವುದು ಕ್ಲೋಜಪೀನ್ ಎಂಬ ಮಾತ್ರೆಯನ್ನು. ಸೋತವರನ್ನು ಮೇಲೆತ್ತುವ ಶಕ್ತಿ ಅದಕ್ಕಿದೆ. ಅಪಾಯವೂ ಅದರ ಬೆನ್ನಿಗೇ ಇದೆ. ಮೈ ತೂಕ ಏರುತ್ತದೆ, ಜೊಲ್ಲಿನಿಂದ ದಿಂಬು ತೋಯುತ್ತದೆ, ಮಲಬದ್ಧತೆಯೇ ಕೆಲವೊಮ್ಮೆ ಜೀವಕ್ಕೆ ಕುತ್ತಾಗುತ್ತದೆ. ಎಲ್ಲಕ್ಕಿಂತ ಭಯದ ಸಂಗತಿ ಇನ್ನೊಂದು: ಕೆಲವೇ ಕೆಲವರಲ್ಲಿ, ಸೋಂಕನ್ನು ತಡೆಯಬೇಕಾದ ಬಿಳಿ ರಕ್ತಕಣಗಳು ಸದ್ದಿಲ್ಲದೆ ಕುಸಿಯುತ್ತವೆ. ಆಗ, ಉಳಿದವರು ಬಿಸಿನೀರು ಕುಡಿದು ಮರೆಯುವ ಗಂಟಲುನೋವು ಇವರ ಪ್ರಾಣ ತೆಗೆಯಬಲ್ಲದು. ಆದಕಾರಣವೇ ಆರಂಭದ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ. ಆದಕಾರಣವೇ ಆ ಪ್ರಶ್ನೆ. ಹಾಗೆಂದು ಹೆದರಿ, ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಕಾಯಿಲೆ ಇಮ್ಮಡಿಯಾಗಿ ಮರಳುತ್ತದೆ. ಅತ್ತ ದರಿ, ಇತ್ತ ಪುಲಿ.

ಈ ಕೆಲಸಕ್ಕೆ ಬರುವ ಮೊದಲೇ ಗಂಟಲಕ್ಕನಿಗೆ ಕಾಯಿಲೆಯ ಪರಿಚಯವಿತ್ತು. "ನಮ್ಮಮ್ಮ ಗೋಡೆ ಜೊತೆ ಮಾತಾಡೋಳು. ನಮ್ಮ ಜೊತೆ ಅಲ್ಲ. ನನ್ನ ಸಂಬಂಧ ಕೇಳ್ಕೊಂಡು ಬಂದೋರು ಅಮ್ಮನ್ನ ನೋಡಿ ಎದ್ದು ಹೋದ್ರು. ಆಮೇಲೆ ಅಮ್ಮಾನೂ ಹೋದ್ಲು. ಗೋಡೆ ಉಳೀತು," ಎನ್ನುತ್ತ ಅವರು ಹತ್ತಿಯ ಉಂಡೆಯನ್ನು ಒತ್ತಿ ಹಿಡಿಯುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ತೋಳುಗಳನ್ನು ಮುಟ್ಟುವ ಈ ಕೈಯನ್ನು ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲ.

ಮಾತಿಗೆ ಸಿಗುತ್ತಿದ್ದವನು ಒಬ್ಬ ಎಲೆಕ್ಟ್ರಿಶಿಯನ್. ಸಾಲಿನಲ್ಲಿ ಸದಾ ಅವನೇ ಮೊದಲಿಗ. ಮಾತ್ರೆಯ ಮರ್ಮವನ್ನು ಸಾಲಿನವರಿಗೆಲ್ಲ ಬಿಡಿಸಿ ಹೇಳುತ್ತಿದ್ದವನೂ ಅವನೇ: "ಮಿದುಳಲ್ಲಿ ಡೋಪಮೈನ್ ಅಂತ ಒಂದಿದೆ. ಅದು ಸುಮ್ಮಸುಮ್ಮನೆ ಕರೆಗಂಟೆ ಒತ್ತುತ್ತೆ. ಮಾತ್ರೆ ಹೋಗಿ ಗುಂಡಿ ಮೇಲೆ ಮುಚ್ಚಳದ ಹಾಗೆ ಕೂರುತ್ತೆ. ಒತ್ತೋರು ಒತ್ಲಿ, ಗಂಟೆ ಹೊಡೆಯಲ್ಲ." ವೈದ್ಯರು ಕೇಳಿ ನಕ್ಕರಂತೆ. ವಿಷಯ ಇನ್ನೂ ತೊಡಕಿನದು, ಆದರೆ ತಪ್ಪೇನಲ್ಲ ಎಂದರಂತೆ. ಆ ನೆಮ್ಮದಿಯ ದಿನಗಳಲ್ಲೇ ಅವನು ಗಂಟಲಕ್ಕನ ಮನೆಗೂ ಒಂದು ಕರೆಗಂಟೆ ಕೂರಿಸಿ, ಒಮ್ಮೆ ಒತ್ತಿ ನೋಡಿ ಹೋಗಿದ್ದ.

ಒಂದು ಬೆಳಿಗ್ಗೆ "ಗಂಟಲು ಹೇಗಿದೆ?" ಎಂದಾಗ ಅವನು ಬರೀ ತಲೆಯಾಡಿಸಿದ. ವಟವಟ ಎನ್ನುವವನಿಗೆ ಮಾತಿಲ್ಲ. "ಬಾಯಿಬಿಟ್ಟು ಹೇಳೋ ತಮ್ಮಾ," ಎಂದರು ಇವರು. "ಚೆನ್ನಾಗಿದೆ ಅಕ್ಕಾ," ಎಂದ; ದನಿ ಒಡೆದಿತ್ತು, ತೋಳು ಸುಡುತ್ತಿತ್ತು. ಪ್ರಶ್ನೆ ಬರುತ್ತದೆಂದು ಗೊತ್ತಿದ್ದ ಅವನು ಮನೆಯಲ್ಲೇ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಪರೀಕ್ಷೆಗೆ ಓದಿಕೊಂಡವನಂತೆ ಗಂಟಲನ್ನು ಸಿದ್ಧಮಾಡಿಕೊಂಡು ಬಂದಿದ್ದ. ನಿಜ ಹೇಳಿದರೆ ಮಾತ್ರೆ ನಿಂತೀತು ಎಂಬ ಹೆದರಿಕೆ. ಗಂಟಲಕ್ಕ ರಬ್ಬರ್ ಪಟ್ಟಿಯನ್ನೂ ಕಟ್ಟದೆ ಅವನನ್ನು ನೇರ ವೈದ್ಯರ ಮುಂದೆ ನಿಲ್ಲಿಸಿದರು. ಅಲ್ಲೇ ತೆಗೆದ ರಕ್ತದಲ್ಲಿ ಬಿಳಿ ಕಣಗಳು ಹೆಚ್ಚುಕಡಿಮೆ ಬರಿದಾಗಿದ್ದವು.

ಪ್ರತ್ಯೇಕ ಕೋಣೆಯಲ್ಲಿ ವಾರಗಟ್ಟಲೆ ಮಲಗಿ ಅವನು ಬದುಕಿಕೊಂಡ. ಆದರೆ ಆ ಮಾತ್ರೆಯನ್ನು ಅವನಿಗೆ ಮತ್ತೆ ಕೊಡುವಂತಿಲ್ಲ. ಈಗಿನದು ಅರ್ಧಕ್ಕರ್ಧ ಮಾತ್ರ ಕೆಲಸ ಮಾಡುತ್ತದೆ; ದನಿಗಳು ಪೂರ್ತಿ ಅಡಗುವುದಿಲ್ಲ. ಅದಕ್ಕೆ ವಾರವಾರದ ರಕ್ತಪರೀಕ್ಷೆಯೂ ಬೇಕಿಲ್ಲ. ಬಿಡುಗಡೆಯ ದಿನ ಅವನು ಈ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಜೀವ ಉಳಿಸಿದ್ರಿ ಅಕ್ಕಾ. ಮನೆ ತುಂಬ ಮತ್ತೆ ಜನ ತುಂಬಿಸಿಬಿಟ್ರಿ." ಆಮೇಲೆ ಈ ಕಡೆ ಸುಳಿದಿಲ್ಲ.

ಬಲ್ಬುಗಳು ತೂಗುವ ಪುಟ್ಟ ಅಂಗಡಿಯಲ್ಲಿ ಅವನು ಈಗಲೂ ಸಿಗುತ್ತಾನೆ. ಗಂಟಲಕ್ಕನ ಮೇಲೆ ಕೋಪವೇ ಎಂದು ಕೇಳಿದರೆ, ತಂತಿಯ ತೊಗಟೆ ಸುಲಿಯುತ್ತ, ಇನ್ಯಾರದೋ ಮಾತಿಗೂ ಕಿವಿಗೊಟ್ಟವನಂತೆ ತಡೆದು ಉತ್ತರಿಸುತ್ತಾನೆ: "ಕೋಪ ಅಲ್ಲ. ಅವರನ್ನ ನೋಡಿದ್ರೆ ಆ ಮಾತ್ರೆ ನೆನಪಾಗುತ್ತೆ."

ಈ ಮಾತನ್ನು ಮುಟ್ಟಿಸಿದಾಗ ಗಂಟಲಕ್ಕ ಬಟ್ಟೆ ಹಿಡಿದು ಬಾಗಿಲಾಚೆ ಬರುತ್ತಾರೆ. ಸಾಲು ಕರಗಿದೆ, ಮೊದಲ ಕುರ್ಚಿಯನ್ನು ಒರೆಸಿ ಗೋಡೆಗೆ ಒತ್ತರಿಸುತ್ತಾರೆ.

"ನನ್ನನ್ನ ಬೈಕೊಳ್ಳೋಕಾದ್ರೂ ಅವನು ಇದಾನಲ್ಲ, ಅದು ಸಾಕು. ಇನ್ನೊಂದ್ಸಲ ಆದ್ರೂ ನಾನು ಅದನ್ನೇ ಮಾಡೋದು."

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ:

"ಅವನು ಮನೇಲಿ ಕೂರಿಸಿದ ಗಂಟೆ ಇದೆಯಲ್ಲ, ಅದು ಈಗ್ಲೂ ಕೆಲಸ ಮಾಡುತ್ತೋ ಇಲ್ವೋ ನನಗೇ ಗೊತ್ತಿಲ್ಲ. ಒತ್ತಿ ನೋಡೋರು ಬೇಕಲ್ಲ. ಅವನೇ ಒಂದಿನ ಬಂದು ಒತ್ಲಿ. ಕೆಟ್ಟಿದ್ರೆ ರಿಪೇರಿ ಮಾಡ್ಲಿ. ಸರಿ ಇದ್ರೆ, ನಾನು ಬಾಗಿಲು ತೆಗೀತೀನಿ."