ಮಾವನ ಎಡೆಗೆ ಇಟ್ಟ ವಿಸ್ಕಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ ಶುರು ಮಾಡಿದರೆ, "ಆಮೇಲೆ ಕರೆಂಟು ಹೋಯಿತು ತಾನೇ?" ಎಂದು ನಾನೇ ಮುಂದಿನದನ್ನು ಹೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನನ್ನ ಸರದಿ. ನಗುವುದಾದರೆ ನಗಿ. ನಕ್ಕು ಮುಗಿಸಿದ ಮೇಲೆ ಏನಾದರೂ ವಿವರಣೆ ಹೊಳೆದರೆ ದಯವಿಟ್ಟು ಹೇಳಿ, ನನಗೆ ಅದು ಬೇಕಾಗಿದೆ.

ನಾವಿರುವುದು ಪಿಕರಿಂಗ್‌ನಲ್ಲಿ, ಅಮೆರಿಕದ ಗಡಿಯ ಸರೋವರಕ್ಕೆ ಹತ್ತಿರದ ಒಂದು ಹಳೇ ಮನೆಯಲ್ಲಿ. ಮಿಲ್ಟನ್ ಕಡೆಯ ಹೊಸ ಮನೆಗಳನ್ನೆಲ್ಲ ಸುತ್ತಿ ನೋಡಿ, ಯಾವುದೂ ಕೈಗೆಟುಕದೆ ಇದನ್ನು ಕೊಂಡೆವು. ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರು ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದರು. ಅವರ ಮಂಡಿಗೆ ಮೆಟ್ಟಿಲು ಆಗದೆಂದು ಹಾಲ್‌ನ ಪಕ್ಕದ ಕೋಣೆ ಬಿಟ್ಟುಕೊಟ್ಟು, ನಮ್ಮ ಸಾಮಾನು ತುಂಬಲು ಬೇಸ್‌ಮೆಂಟು ರಿಪೇರಿಗೆ ಹಿಡಿದೆವು. ಗೋಡೆಯ ಹಲಗೆ ಕಿತ್ತ ಪಂಜಾಬಿ ಮೇಸ್ತ್ರಿ ಕೆಳಗಿನಿಂದಲೇ ಕೂಗಿದ: "ಭಾಭೀಜೀ, ಖಜಾನಾ ಮಿಲ್ ಗಯಾ." ಏನು ನಿಧಿಯೆಂದು ಹೋಗಿ ನೋಡಿದರೆ, ಕಲ್ಲುಗೋಡೆಗೂ ಹಲಗೆಗೂ ನಡುವೆ ಒಂದು ಕೊಳೆತ ಗೋಣಿಚೀಲ. ಅದರೊಳಗೆ ಹುಲ್ಲಿನಲ್ಲಿ ಸುತ್ತಿದ ಮೂರು ಬಾಟಲಿ ವಿಸ್ಕಿ. ಬಿರಡೆಗೆ ಹಾಕಿದ ಮೇಣ ಕೂಡ ಬಿರುಕು ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಮುದುಕ ಅದನ್ನು ನೋಡಿ ಆಶ್ಚರ್ಯಪಡಲಿಲ್ಲ. ಅಮೆರಿಕದಲ್ಲಿ ಪಾನನಿಷೇಧ ಇದ್ದ ಕಾಲದಲ್ಲಿ ಇಲ್ಲಿಂದ ಕತ್ತಲಲ್ಲಿ ದೋಣಿಗಳು ಹೆಂಡ ತುಂಬಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದವಂತೆ. ದಡದ ಮನೆಗಳಲ್ಲಿ ಹೆಂಗಸರು ಆಲೂಗಡ್ಡೆ ರಾಶಿಯ ಕೆಳಗೆ, ತೊಟ್ಟಿಲ ಹಾಸಿಗೆಯ ಕೆಳಗೆ ಬಾಟಲಿ ಮುಚ್ಚಿಡುತ್ತಿದ್ದರಂತೆ. ಅವನ ಅಜ್ಜಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕೆಂಪು ಕಂಬಳಿ ಹಾಕಿದರೆ ಪೊಲೀಸರು ಬಂದಿದ್ದಾರೆಂದು ಅರ್ಥ. ಆಗ ನಮ್ಮ ಈ ಮನೆಯಲ್ಲಿದ್ದವನೊಬ್ಬ ಹಾಗೆ ದೋಣಿ ಹತ್ತಿ ಹೋಗಿ ತಿರುಗಿ ಬರಲೇ ಇಲ್ಲವೆಂದು ಅವನು ಮಾತಿನ ನಡುವೆ ಹೇಳಿದ. ನಾನದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ನಮ್ಮ ಮನೆಯ ಪಾನನಿಷೇಧ ಅತ್ತೆಯದು. ಮಾವ ಹರೆಯದಲ್ಲಿ ವಿಪರೀತ ಕುಡಿಯುತ್ತಿದ್ದರು. ಮಗಳ ಮದುವೆಯ ಹೊತ್ತಿಗೆ ಅತ್ತೆಯ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟವರು ಸಾಯುವ ತನಕ ಮುಟ್ಟಲಿಲ್ಲ. ಅತ್ತೆ ಬದುಕಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದು ಅದೊಂದನ್ನೇ. ಅವರ ಕಣ್ಣೆದುರೇ ನನ್ನ ಗಂಡ ಎರಡು ಬಾಟಲಿಗಳನ್ನು ಸಿಂಕಿಗೆ ಸುರಿದ. ಮೂರನೆಯದನ್ನು ನಾನು ವಾಷಿಂಗ್ ಮಷೀನಿನ ಹಿಂದೆ ಅಡಗಿಸಿದೆ. ಕನ್ನಡ ಬಳಗದ ಗೆಳತಿಯರಿಗೆ ತೋರಿಸುವ ಆಸೆ, ಅಷ್ಟೇ.

ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತವರಿಗೆ ಅವರು ಇಷ್ಟಪಟ್ಟದ್ದನ್ನೆಲ್ಲ ಎಡೆ ಇಡುತ್ತಾರೆ, ಬೀಡಿ ಬ್ರಾಂದಿಯನ್ನೂ ಬಿಡುವುದಿಲ್ಲ. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಒಂದು ಪೆಗ್ ಇಡೋಣವೇ ಎಂದು ನನ್ನ ಗಂಡ ಅಂಜುತ್ತಲೇ ಕೇಳಿದಾಗ ಅತ್ತೆ ಅಂದರು, "ಬದುಕಿದ್ದಾಗ ಬುಟ್ಟೋರ್ಗೆ ಸತ್ತ ಮ್ಯಾಲೆ ಕುಡುಸ್ಬ್ಯಾಡ ಕನಪ್ಪ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಮಾವನ ಮೇಲೆ ಪ್ರೀತಿ. ಮದುವೆ ಮನೆಗಳಲ್ಲಿ ಗಂಡಸರೆಲ್ಲ ಹಿತ್ತಲಿಗೆ ಹೋದಾಗ ಅವರೊಬ್ಬರೇ ಮಕ್ಕಳ ಜೊತೆ ಕೂತು ಬಾದಾಮಿ ಹಾಲು ಕುಡಿಯುವುದನ್ನು ನೋಡಿದ್ದೆ. ಎಡೆಯ ಮುಂದೆ ನೀರಿನ ಲೋಟ ಇಡುವ ಕೆಲಸ ನನ್ನದಾಗಿತ್ತು. ಸ್ಟೀಲ್ ಲೋಟ, ಒಳಗೇನಿದೆ ಎಂದು ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುವುದು. ಸಾಂಬ್ರಾಣಿ ಹೊಗೆಯಲ್ಲಿ ವಾಸನೆಯೂ ತಿಳಿಯುವುದಿಲ್ಲವೆಂದು ಧೈರ್ಯ. ಅರ್ಧ ಲೋಟ ವಿಸ್ಕಿ ಸುರಿದು ಇಟ್ಟುಬಿಟ್ಟೆ.

ಮಗಳೂ ಸೇರಿ ನಾಲ್ವರೂ ಹಿತ್ತಲಲ್ಲಿ ನಿಂತಿದ್ದೆವು. ಇನ್ನೂ ಬೆಳಕಿತ್ತು. ಅತ್ತೆ ಶಾಲು ಹೊದ್ದು ಬಾಗಿಲನ್ನೇ ನೋಡುತ್ತಿದ್ದರು. ಮುಂಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿತ್ತು, ಮನೆಯಲ್ಲಿ ನಾಯಿ ಬೆಕ್ಕು ಯಾವುದೂ ಇಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋದೆವು.

ಸಾಂಬ್ರಾಣಿಯ ವಾಸನೆ ಎಲ್ಲಿಯೂ ಇರಲಿಲ್ಲ. ಹಾಲ್ ತುಂಬ ವಿಸ್ಕಿಯ ನಾತ. ನನ್ನ ಮಗಳು ಮೂಗು ಮುಚ್ಚಿಕೊಂಡು, "ವೈ ಡಸ್ ಇಟ್ ಸ್ಮೆಲ್ ಲೈಕ್ ಸ್ಯಾನಿಟೈಸರ್?" ಎಂದಳು. ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ಕಜ್ಜಾಯ ಎಲ್ಲ ಇಟ್ಟಂತೆಯೇ ಇದ್ದವು. ಲೋಟ ಮಾತ್ರ ಎಲೆಯಿಂದ ದೂರ, ಬೇಸ್‌ಮೆಂಟಿನ ಬಾಗಿಲ ಬಳಿ ಬೋರಲಾಗಿ ಕೂತಿತ್ತು. ನೆಲ ಒಣಗಿತ್ತು. ಎತ್ತಿ ನೋಡಿದೆ, ಲೋಟದ ಒಳಗೂ ಒಂದು ಹನಿ ಇರಲಿಲ್ಲ, ಬಟ್ಟೆಯಲ್ಲಿ ಒರೆಸಿಟ್ಟಂತಿತ್ತು.

"ಲೋಟದಲ್ಲಿ ಏನ್ ಮಡುಗಿದ್ದೆ?" ಎಂದು ಅತ್ತೆ ಕೇಳಿದರು. ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಮೆಲ್ಲಗೆ ಗೋಡೆ ಹಿಡಿದು ಕೂತರು. "ಊಟ ಮುಟ್ಟಿಲ್ಲ, ಅದ ಮಾತ್ರ ಕುಡ್ದವ್ರೆ," ಎಂದರು. "ಅಷ್ಟೊರ್ಸ ಆಸೆ ಮಡಿಕಂಡೇ ಇದ್ರು ಅನ್ನು. ನಾನು ಬುಟ್ರು ಅನ್ಕಂಡೆ."

ನನ್ನ ಗಂಡ ಆವಿಯಾಗಿರಬೇಕು ಅಂದ, ಲೋಟ ಸೋರಿರಬೇಕು ಅಂದ. ಅದೇ ಲೋಟಕ್ಕೆ ನೀರು ತುಂಬಿಟ್ಟು ಮರುದಿನ ನೋಡಿದ, ಹಾಗೇ ಇತ್ತು. ಉಳಿದ ವಿಸ್ಕಿಯನ್ನು ಸರೋವರಕ್ಕೆ ಸುರಿದು ಬಂದ. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾವನ ಫೋಟೋಗೆ ದಿನವೂ ಇಡುತ್ತಿದ್ದ ಹೂವನ್ನೂ ಇಡಲಿಲ್ಲ. ಸತ್ತವರ ಒಳ್ಳೆಯ ಹೆಸರನ್ನು ನಾನು ಕೆಡಿಸಿದ್ದೆ. ಆ ಹೆಸರನ್ನೇ ನೆಚ್ಚಿಕೊಂಡಿದ್ದ ಹೆಂಗಸಿನ ಮುಖ ನೋಡಲಾಗದೆ ಅಡುಗೆಮನೆಯಲ್ಲೇ ಇರುತ್ತಿದ್ದೆ.

ಆಗ ಪಕ್ಕದ ಮನೆಯ ಮುದುಕ ಹೇಳಿದ್ದು ನೆನಪಾಯಿತು. ಓಡಿ ಹೋಗಿ ಅತ್ತೆಯ ಕಾಲ ಬಳಿ ಕೂತು ಹೇಳಿದೆ, "ಅತ್ತೆ, ಕುಡಿದದ್ದು ಮಾವ ಅಲ್ಲ. ಆ ಬಾಟ್ಲು ಈ ಮನೇಲಿದ್ದವನದು. ದೋಣೀಲಿ ಹೋದವನು ವಾಪಸ್ ಬಂದಿರ್ಲಿಲ್ಲ. ಅವನ ವಸ್ತು ಇಟ್ಟು ನಾನೇ ಅವನನ್ನ ಕರೆದ ಹಾಗಾಯ್ತು. ಮಾವ ಆಗಿದ್ರೆ ಕೋಳಿ ಸಾರು ಬಿಡ್ತಿದ್ರಾ?"

ನನ್ನ ಮಾತನ್ನು ನಾನೇ ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಅತ್ತೆಯ ಮುಖ ಒಂದು ಕ್ಷಣ ತಿಳಿಯಾಯಿತು. ಎದ್ದು ಹೋಗಿ ಫೋಟೋದ ಧೂಳು ಒರೆಸಿ ಹೂವಿಟ್ಟರು. ನನ್ನ ಎದೆಯ ಭಾರ ಇಳಿಯಿತೆಂದುಕೊಂಡೆ. ಅಷ್ಟರಲ್ಲಿ ಅವರು ಫೋಟೋ ಮುಂದೆಯೇ ನಿಂತು, ನನ್ನ ಕಡೆ ತಿರುಗದೆ ಕೇಳಿದರು:

"ಹಂಗಾರೆ ಅವತ್ತು ನಿಮ್ ಮಾವ ಬಂದು, ತಮ್ಮ ಎಡೆ ಮುಂದೆ ಬ್ಯಾರೆಯವ್ನು ಕುಂತಿರದ ನೋಡಿ, ಹಸ್ಕಂಡು ಎಲ್ಲಿಗೋದ್ರವ್ವ?"